ಮಟನ್ ಬಿಟ್ಟ ಮಗಳು

ಮಾಂಸ ಬಿಟ್ಟವರಿಗೆಲ್ಲ ಒಂದೊಂದು ಘನವಾದ ಕಾರಣ ಇರುತ್ತದೆ. ಒಬ್ಬರಿಗೆ ಕುರಿಯ ಕಣ್ಣಲ್ಲಿ ನೀರು ಕಂಡಿರುತ್ತದೆ, ಇನ್ನೊಬ್ಬರಿಗೆ ಕನಸಿನಲ್ಲಿ ಗುರುಗಳು ಬಂದು ಹೋಗಿರುತ್ತಾರೆ. ನನಗೆ ಬಂದದ್ದು ಕಾಮಣಿ. ಕಣ್ಣು, ಉಗುರು ಎಲ್ಲ ಅರಿಷಿಣ ಹಚ್ಚಿದ ಮದುಮಗಳಂತಾಗಿ, ಡಾಕ್ಟರು ಎಣ್ಣೆ, ಖಾರ, ಮಟನ್, ಮೀನು ಎಲ್ಲವನ್ನೂ ಬಂದ್ ಮಾಡಿದರು. ಮಳೆಗಾಲ ಪೂರ್ತಿ ಗಂಜಿ, ಮಜ್ಜಿಗೆ, ಬೇಯಿಸಿದ ಹೀರೇಕಾಯಿ ತಿಂದು ಬದುಕಿದೆ. ಆಗೆಲ್ಲ ಮಟನ್ ಕನಸು ಬೀಳುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಪಥ್ಯ ಮುಗಿದ ರವಿವಾರ ನನ್ನ ಗಂಡ ಸಂಭ್ರಮದಿಂದ ಸುಕ್ಕಾ ಮಟನ್ ಮಾಡಿ ತಾಟಿಗೆ ಬಡಿಸಿದಾಗ, ಅದು ಬೇರೆ ಯಾರದೋ ಊಟದಂತೆ ಕಂಡಿತು. ಹೇಸಿಗೆ ಆಗಲಿಲ್ಲ, ಕರುಣೆಯೂ ಉಕ್ಕಲಿಲ್ಲ. ಬೇಡ ಅನ್ನಿಸಿತು, ಅಷ್ಟೇ. ಮುಂದಿನ ವಾರವೂ ಬೇಡ ಅನ್ನಿಸಿತು. ದೀಪಾವಳಿ ಬರುವ ಹೊತ್ತಿಗೆ ನಾನು ಶಾಕಾಹಾರಿ ಆಗಿದ್ದೇನೆಂದು ನನಗೇ ಗೊತ್ತಾಯಿತು.

ಇಷ್ಟು ಸಣ್ಣ ಕಾರಣ ಯಾರಿಗೂ ಸಾಲಲಿಲ್ಲ.

ನಮ್ಮದು ಕುರಿ ಕಾಯ್ದು ಬಂದ ಮನೆತನ. ಖಾನಾಪುರ ತಾಲೂಕಿನ ಗುಂಜಿಯ ಹತ್ತಿರ, ಕಾಡಿನ ಅಂಚಿಗೆ ತವರುಮನೆ. ಅಜ್ಜ ಕುರಿ ಕಾಯ್ದ, ಅಪ್ಪ ಕುರಿ ಮಾರಿ ರೈಲ್ವೆಯಲ್ಲಿ ಹಳಿ ಕಾಯ್ದ, ನಾನು ಬೆಳಗಾವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಮಕ್ಕಳನ್ನು ಕಾಯುತ್ತೇನೆ. ಗಂಡನ ಮನೆಯವರೂ ನಮ್ಮವರೇ, ರವಿವಾರ ಮಟನ್ ಆಗದಿದ್ದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದು ತಿಳಿಯುವ ಮಂದಿ. ಇಂಥ ಕಡೆ ಹುಟ್ಟಿ ಇಂಥ ಕಡೆ ಮದುವೆಯಾದವಳು ಮಟನ್ ಬಿಡುವುದೆಂದರೆ ಈಜುಗಾರನ ಮಗ ನೀರು ಕಂಡು ಹೆದರಿದ ಹಾಗೆ.

ಹಾಗೆ ನೋಡಿದರೆ ನಮ್ಮ ಮನೆ ಮೊದಲಿನಿಂದಲೂ ಅರ್ಧಕ್ಕಿಂತ ಹೆಚ್ಚು ಶಾಕಾಹಾರಿಯೇ. ಸೋಮವಾರ ಶಿವನದು, ಗುರುವಾರ ದತ್ತನದು, ಶನಿವಾರ ಹನುಮಪ್ಪನದು. ಅದರ ಮೇಲೆ ಏಕಾದಶಿ, ಸಂಕಷ್ಟಿ, ನವರಾತ್ರಿ. ಶ್ರಾವಣದಲ್ಲಂತೂ ತಿಂಗಳಿಡೀ ಮೊಟ್ಟೆಯ ಸಿಪ್ಪೆಯೂ ಒಳಗೆ ಬರುವಂತಿಲ್ಲ. ಅದಕ್ಕೆಂದೇ ಶ್ರಾವಣ ಹಿಡಿಯುವ ಮುಂಚಿನ ಗಟಾರಿ ಅಮಾವಾಸ್ಯೆಗೆ ನನ್ನ ಗಂಡ ಇಡೀ ತಿಂಗಳಿನದನ್ನು ಒಂದೇ ಊಟದಲ್ಲಿ ತಿಂದು, ಮರುದಿನ ಓಂಕಾಳು ಅಗಿಯುತ್ತ ಹೊಟ್ಟೆ ಹಿಡಿದುಕೊಂಡು ಮಲಗುತ್ತಾರೆ. ದೇವರು ಬೇಡ ಅಂದ ದಿನ ಯಾರೂ ಯಾಕೆ ಎಂದು ಕೇಳುವುದಿಲ್ಲ. ನಾನು ಬೇಡ ಅಂದಾಗ ಮಾತ್ರ ಪಂಚಾಯಿತಿ ಕೂಡಿತು.

ಗಂಡ ಮೊದಲು ರಾಜಿಗೆ ಬಂದರು.

"ತುಂಡ ಬ್ಯಾಡ ಅಂದ್ರ ಬಿಡು. ರಸ್ಸಾ ಅಷ್ಟ ಹಾಕ್ಕೋ. ರಸ್ಸಾದಾಗ ಏನೈತಿ? ನೀರು, ಮಸಾಲಿ."

"ಅದರಾಗ ಕುರಿ ಕುದ್ದೈತಿ ಅಲ್ರೀ."

"ಕುದ್ದು ಹೊರಗ ಬಂದೈತಲ್ಲ!"

ರಾಜಿ ಮುರಿದ ಮೇಲೆ ಬೆದರಿಕೆ ಶುರುವಾಯಿತು. "ಹಿಂಗ ಮಾಡಿದ್ರ ಕೋಟ್ಯಾಗ ಬಸದಿ ಐತಲ್ಲ, ಅಲ್ಲಿ ಕುಂಡ್ರಿಸಿ ಬರ್ತೀನಿ ನೋಡು. ಅವರು ನಿನ್ನ ಉಳ್ಳಾಗಡ್ಡಿ ಬೆಳ್ಳುಳ್ಳಿನೂ ಬಿಡಸ್ತಾರ." ಬೆಳ್ಳುಳ್ಳಿ ಬಿಡಲಾರೆ ಎಂದು ನಾನು ಖಡಾಖಡಿ ಹೇಳಿದೆ. ಧರ್ಮಕ್ಕೂ ಒಂದು ಮಿತಿ ಇದೆ. ಕಾಲೇಜಿಗೆ ಹೋಗುವ ಮಗಳು ಮಾತ್ರ ಇಡೀ ಮನೆಯಲ್ಲಿ ನನ್ನ ನಿರ್ಧಾರವನ್ನು ಮನಸಾರೆ ಮೆಚ್ಚಿದಳು: "ಬಿಡ್ರಿ ಪಪ್ಪಾ, ಮಮ್ಮಿ ಬಿಟ್ರ ಎರಡೂ ಲೆಗ್ ಪೀಸ್ ನಮಗs ಬಂದ್ವು."

ತಿನ್ನುವುದು ಬಿಟ್ಟರೂ ಮಾಡುವುದು ನನ್ನ ತಲೆ ಮೇಲೆಯೇ ಉಳಿಯಿತು. ರವಿವಾರ ಪೇಟೆಯಿಂದ ಮೆಣಸಿನಕಾಯಿ, ಕೊಬ್ಬರಿ, ಕಸಕಸೆ ತಂದು ಮಸಾಲೆ ಹುರಿದು ಅರೆಯುವುದು ನಾನೇ. ಉಪ್ಪು ನೋಡುವ ಕೆಲಸವನ್ನು ಮಾತ್ರ ಗಂಡನಿಗೆ ಒಪ್ಪಿಸಿದೆ. ಆ ಮನುಷ್ಯ ಉಪ್ಪು ನೋಡಲು ಸಣ್ಣ ಬಟ್ಟಲು ಹಿಡಿದು ಬರುತ್ತಿದ್ದರು. ರಸ್ಸಾದಲ್ಲಿ ನೋಡಿದ ಮೇಲೆ "ತುಂಡಿಗೆ ಹಿಡದೈತೋ ಇಲ್ಲೋ" ಎಂದು ತುಂಡಿನಲ್ಲಿ ನೋಡುವುದು. ಮೆತ್ತನೆಯದರಲ್ಲಿ ನೋಡಿದ ಮೇಲೆ ಎಲುಬಿನದರಲ್ಲಿ ನೋಡುವುದು. ಊಟಕ್ಕೆ ಕೂಡುವ ಹೊತ್ತಿಗೆ ಉಪ್ಪು ಸರಿಯಾಗಿರುತ್ತಿತ್ತು, ಮಟನ್ ಅರ್ಧ ಆಗಿರುತ್ತಿತ್ತು.

ಇದೆಲ್ಲ ನಗುವ ಮಾತಾಯಿತು. ಸಾಲೆಯ ಸ್ಟಾಫ್‌ರೂಮಿನಲ್ಲಿ ಆದದ್ದಕ್ಕೆ ನನಗೆ ನಗು ಬರಲಿಲ್ಲ.

ನಮ್ಮ ಸಾಲೆಯಲ್ಲಿ ಕನ್ನಡ ಕಲಿಸುವ ಬಾಯಿಯೊಬ್ಬರಿದ್ದಾರೆ; ಬಾಯಿ ಎಂದರೆ ನಮ್ಮ ಕಡೆ ಟೀಚರು. ಲಿಂಗಾಯತರು, ಒಳ್ಳೆಯ ಹೆಂಗಸು, ನನಗೆ ಜ್ವರ ಬಂದರೆ ನನ್ನ ಕ್ಲಾಸನ್ನೂ ತಾವೇ ತೆಗೆದುಕೊಳ್ಳುವವರು. ಆದರೆ ಇಷ್ಟು ವರ್ಷ ಊಟದ ಹೊತ್ತಿಗೆ ಅವರ ಡಬ್ಬಿ ಮೇಜಿನ ಆ ತುದಿಗೆ, ನನ್ನದು ಈ ತುದಿಗೆ. ನನ್ನ ಡಬ್ಬಿಯಲ್ಲಿ ಮೆಂತ್ಯೆ ಪಲ್ಯ ಇದ್ದ ದಿನವೂ ಹಾಗೆಯೇ. ನಾನು ಮಟನ್ ಬಿಟ್ಟ ಸುದ್ದಿ ಹಬ್ಬಿದ ಮರುದಿನ ಅವರ ಡಬ್ಬಿ ತಾನಾಗಿಯೇ ನಡೆದುಕೊಂಡು ನನ್ನ ಬಾಜೂಕ ಬಂದು ಕೂತಿತು.

"ಭಾಳ ಚಲೋ ಮಾಡಿದ್ರಿ ನೋಡ್ರಿ. ನಾ ಮೊದಲs ಅಂತಿದ್ದೆ, ನೀವು ಅವರಂಗ ಕಾಣ್ಸೂದಿಲ್ಲ ಅಂತ. ಈಗ ನಮ್ಮಂಗ ಶುದ್ಧ ಆದ್ರಿ." ಹೀಗೆಂದು ಒಂದು ಹೋಳಿಗೆ ನನ್ನ ಮುಚ್ಚಳದಲ್ಲಿ ಇಟ್ಟರು.

ನಾನು ಬಿಟ್ಟದ್ದು ಮಟನ್. ಜಳಕ ಮಾಡುವುದನ್ನು ಮೊನ್ನೆ ಶುರು ಮಾಡಿದವಳಲ್ಲ. ಹಾಗೆಂದು ಅಂದೇಬಿಟ್ಟೆ. ಬಾಯಿಯ ಮುಖ ಸಣ್ಣದಾಯಿತು. ಹೋಳಿಗೆಯನ್ನು ಮಾತ್ರ ತಿರುಗಿ ಕೊಡಲಿಲ್ಲ, ತಿಂದೆ. ಚೆನ್ನಾಗಿತ್ತು. ಆದರೆ "ಅವರಂಗ" ಎಂದರೆ ಯಾರಂಗ ಎಂದು ಸಂಜೆಯವರೆಗೂ ತಲೆಯಲ್ಲಿ ಕುದಿಯುತ್ತಿತ್ತು. ಅವರಂಗ ಎಂದರೆ ನಮ್ಮ ಅವ್ವನಂಗ, ಮತ್ತೆ ಯಾರಂಗ?

ಅವ್ವನಿಗೆ ನಾನು ಏನೂ ಹೇಳಿರಲಿಲ್ಲ. ಹೇಳುವುದೇನು, ಬಾಯಿರುಚಿ ಕೆಟ್ಟಿತ್ತು, ಇವತ್ತಲ್ಲ ನಾಳೆ ಸರಿಹೋದೀತು ಎಂದುಕೊಂಡಿದ್ದೆ. ಆದರೆ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಗಂಡ ನನ್ನ ತಾಟಿನ ಫೋಟೋ ಹಾಕಿ, ಕೆಳಗೆ ಕೈಮುಗಿದ ಚಿತ್ರ ಹಾಕಿಬಿಟ್ಟಿದ್ದರು. ಅದನ್ನು ನೋಡಿ ಊರಿನಿಂದ ತಮ್ಮ ಫೋನ್ ಮಾಡಿದ.

"ಏನಕ್ಕಾ, ದೊಡ್ಡ ಮಂದಿ ಆದಿಯಂತ?"

"ಯಾರಂದ್ರೋ?"

"ಯಾಕ ಅನಬೇಕು, ಕಾಣ್ತೈತಲ್ಲ. ಇನ್ನ ನಮ್ಮ ಮನ್ಯಾಗ ನೀರರ ಕುಡೀತಿಯೋ, ಅದನ್ನೂ ಬಾಟಲ್ಯಾಗ ತಗೊಂಡ ಬರ್ತಿಯೋ?"

ಅವನು ಚಾಷ್ಟಿ ಮಾಡಿದ. ನಾನೂ ನಕ್ಕು ಎರಡು ಬೈದು ಫೋನಿಟ್ಟೆ. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ನಮ್ಮ ಕಡೆ ಬರೀ ನಾಲಿಗೆಗಾಗಿ ಯಾರೂ ಮಾಂಸ ಬಿಡುವುದಿಲ್ಲ. ಬಿಟ್ಟವರನ್ನು ಮೇಲಿನವರು ತಮ್ಮ ಸಾಲಿನಲ್ಲಿ ಕೂಡಿಸಿಕೊಳ್ಳುತ್ತಾರೆ, ಕೂತವರು ಆಮೇಲೆ ತಮ್ಮವರನ್ನೇ ನೋಡಿ ಮೂಗು ಮುರಿಯುತ್ತಾರೆ. ಹಾಗೆ ಮಾಡಿದ ನೆಂಟರೂ ನಮಗಿದ್ದಾರೆ. ತಮ್ಮ ಏನು ಬೇಕಾದರೂ ತಿಳಿದುಕೊಳ್ಳಲಿ. ಅವ್ವನೂ ಹಾಗೇ ತಿಳಿದರೆ? ತನ್ನ ಮನೆಯ ಊಟಕ್ಕೆ ಮಗಳು ನಾಚಿಕೊಂಡಳು ಅಂದುಕೊಂಡರೆ?

ಆ ಸಂಕ್ರಾಂತಿಗೆ ಅವ್ವ ಬೆಳಗಾವಿಗೆ ಬಂದಳು. ಅವಳು ಬಂದರೆ ನಮ್ಮ ಮನೆಯಲ್ಲಿ ದರೋಡೆ ಬಿದ್ದ ಹಾಗೆ. ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ನುಗ್ಗಿ, ಡಬ್ಬಿ ಡಬ್ಬಿ ತೆಗೆದು ಮೂಸಿ, "ಇದೇನ ಖಾರಪುಡಿಯೋ, ಇಟ್ಟಂಗಿ ಪುಡಿಯೋ" ಎಂದು ನನ್ನ ಮಾನ ಕಳೆದು, ತಾನು ತಂದ ಒಣಮೀನನ್ನು ಹಂಚಿನ ಮೇಲೆ ಹಾಕಿ ಇಡೀ ಓಣಿಗೆ ತಾನು ಬಂದ ಸುದ್ದಿ ಮುಟ್ಟಿಸುತ್ತಿದ್ದಳು. ಈ ಸಲ ಒಣಮೀನಿಲ್ಲ. ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಹೊರಗಿನ ಖೋಲಿಯಲ್ಲಿ ಗೋಡೆಗೆ ಆತು ಕೂತು, ಕೊಟ್ಟ ಚಹಾ ಕುಡಿದು, ಮೊಮ್ಮಗಳ ತಲೆ ಸವರಿ, ಸಂಜೆಯ ಗಾಡಿಗೆ ಹೊರಟೇಬಿಟ್ಟಳು. ಎರಡು ದಿನ ಇರು ಅಂದರೆ "ಬ್ಯಾಡವಾ, ನಿನಗ ಅಡಚಣಿ" ಅಂದಳು. ನಮ್ಮವ್ವನ ಬಾಯಲ್ಲಿ ಅಡಚಣಿ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಸಿಟ್ಟಾಗಿದ್ದಾಳೆ ಎಂದು ನಾನು ತೀರ್ಮಾನಿಸಿದೆ.

ಸುಗ್ಗಿ ಮುಗಿದ ಮೇಲೆ ತವರಿನಲ್ಲಿ ದೇವರು ಮಾಡುವ ರೂಢಿ. ಮನೆದೇವರಿಗೆ ಒಂದು ಹೋತ ಕೊಯ್ದು, ಅಣ್ಣತಮ್ಮಂದಿರು, ಹೆಣ್ಣುಮಕ್ಕಳು, ಅಳಿಯಂದಿರು ಎಲ್ಲ ಕೂಡಿ ಉಣ್ಣುವುದು. ತಮ್ಮ ನನ್ನ ಗಂಡನಿಗೆ ಫೋನ್ ಮಾಡಿ, "ಮಾಮಾ, ಅಕ್ಕ ಬರೂದಿಲ್ಲ ಅಂದ್ರೂ ನೀವು ಬರ್ರಿ" ಅಂದನಂತೆ. ನಾನು ಹೋಗುವುದೇ ಎಂದು ಹಟ ಹಿಡಿದೆ. ಅವ್ವನನ್ನು ಮುಂದೆ ಕೂಡಿಸಿಕೊಂಡು, ಕಾಮಣಿಯಿಂದ ಹಿಡಿದು ಎಲ್ಲ ಬಿಡಿಸಿ ಹೇಳಬೇಕು. ಸಿಟ್ಟಾಗಿದ್ದರೆ ಜಗಳವೇ ಆಗಿಬಿಡಲಿ. ಮಗಳಿಗೆ ಪರೀಕ್ಷೆ ಇತ್ತು. ನಾವಿಬ್ಬರೇ ಬೆಳಗಿನ ಪ್ಯಾಸೆಂಜರ್ ಹತ್ತಿದೆವು. ಗಂಡ ಖಾನಾಪುರ ದಾಟುವುದರೊಳಗೇ ಬೆಲ್ಟಿನ ಒಂದು ತೂತು ಸಡಿಲಿಸಿ ತಯಾರಾದರು. ನಾನು ಕಿಟಕಿಯ ಬಾಜು ಕೂತು ಹೇಳುವ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಗಣಿತದವಳಿಗೆ ಮಾತಿನ ಜೋಡಣೆ ಬಾರದು. ಗುಂಜಿ ಬಂದರೂ ಮೊದಲ ವಾಕ್ಯ ಕೂಡಲಿಲ್ಲ.

ಮನೆಯ ಅಂಗಳದಲ್ಲೇ ಮಸಾಲೆಯ ವಾಸನೆ ಹಿಡಿಯಿತು. ಅವ್ವ ಹೊರಗೆ ಬಂದಳು. "ಬರ್ರಿ, ಕುಂದರ್ರಿ" ಎಂದು ಅಳಿಯನಿಗೆ ಅಂದಳು, ಅದು ಯಾವಾಗಲೂ ಇದ್ದದ್ದೇ. ಆಮೇಲೆ ನನಗೂ ಒಂದು ಕುರ್ಚಿ ತರಿಸಿದಳು. ಆ ಮನೆಯ ಕುರ್ಚಿ ಮೇಲೆ ಡಾಕ್ಟರು ಕೂತದ್ದು ನೋಡಿದ್ದೇನೆ, ಊರಿನ ತಲಾಟಿ ಕೂತದ್ದು ನೋಡಿದ್ದೇನೆ. ನಾನು ಕೂತದ್ದಿಲ್ಲ. ತಮ್ಮನ ಹೆಂಡತಿ ನೀರು ತಂದಳು. ಹೊಸ ಸ್ಟೀಲಿನ ಲೋಟ, ಅಂಗಡಿಯ ಚೀಟಿಯೂ ಕಿತ್ತಿರಲಿಲ್ಲ. ಆ ಹುಡುಗಿ ನನ್ನ ಮುಖ ನೋಡದೆ ಲೋಟ ಇಟ್ಟು ಒಳಗೆ ಓಡಿದಳು.

ನಾನು ಎದ್ದು ಅಡುಗೆಮನೆಯ ಕಡೆ ಹೆಜ್ಜೆ ಇಟ್ಟರೆ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಒಳಗ ಬರಬ್ಯಾಡವಾ. ಒಳಗ ಎಲ್ಲಾ ಅದs ಕುದ್ಯಾಕ ಹತ್ತೈತಿ."

ಇಷ್ಟು ಹೇಳಿ ಹೋದವಳು ಒಂದು ಮೊರ ಹಿಡಿದು ಬಂದಳು. ಮೊರದಲ್ಲಿ ಅಕ್ಕಿ, ತೊಗರಿಬೇಳೆ, ಬೆಲ್ಲದ ಹೆಂಟೆ, ಒಂದು ಬಟ್ಟಲು ತುಪ್ಪ, ಉಪ್ಪು, ಮೆಣಸಿನಕಾಯಿ, ಎಳೆಯ ಬದನೆಕಾಯಿ. ಸೆರಗು ತಲೆ ಮೇಲೆ ಹೊದ್ದುಕೊಂಡು, ಮೊರವನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು.

"ಇದೇನವ್ವಾ?"

"ಶಿಧಾ. ಹಿತ್ತಲದಾಗ ಬ್ಯಾರೆ ಒಲಿ ಹೂಡೀನಿ. ಗಡಿಗಿ ಖಾನಾಪುರದಿಂದ ಹೊಸಾವು ತರಿಸೀನಿ, ಯಾರೂ ಮುಟ್ಟಿಲ್ಲ. ನೀನs ಮಾಡ್ಕೊಂಡು ಉಣ್ಣು. ಏನರ ಬೇಕಾದ್ರ ನಾ ದೂರ ನಿಂತ ಕೊಡ್ತೀನಿ."

ಶಿಧಾ ಎಂದರೆ ಬೇಯಿಸದ ದಿನಸಿ. ಶ್ರಾವಣ ಸೋಮವಾರ ಮಠದ ಅಯ್ಯನವರು ಭಿಕ್ಷೆಗೆ ಬಂದರೆ ಅವ್ವ ಹೀಗೆಯೇ ತಲೆ ತುಂಬ ಸೆರಗು ಹೊದ್ದು, ಹೀಗೆಯೇ ಎರಡೂ ಕೈಯಲ್ಲಿ ಮೊರ ಹಿಡಿದು ಕೊಡುತ್ತಿದ್ದಳು. ನಮ್ಮ ಗಡಿಗೆಯಲ್ಲಿ ಬೆಂದದ್ದನ್ನು ಅವರು ಉಣ್ಣುವುದಿಲ್ಲ, ಅದಕ್ಕೇ ಈ ಏರ್ಪಾಟು. ಸಣ್ಣವಳಿದ್ದಾಗ ನಾನು ಅವಳ ಹಿಂದೆ ನಿಂತು, ನಾವು ಉಣ್ಣುವ ಅನ್ನ ಅವರಿಗೆ ಯಾಕೆ ಬೇಡ ಎಂದು ಕೇಳಿ ಪೆಟ್ಟು ತಿಂದಿದ್ದೆ. ಈಗ ಮೊರದ ಆಚೆ ಅವಳಿದ್ದಳು, ಈಚೆ ನಾನಿದ್ದೆ.

ನನಗೆ ಸಿಟ್ಟು ನೆತ್ತಿಗೇರಿತು. "ನಾನೇನ ಅಯ್ನಾರೇನವ್ವಾ? ಕುರ್ಚಿ ಕೊಡ್ತಿ, ಹೊಸಾ ಲೋಟ ಕೊಡ್ತಿ, ಶಿಧಾ ಕೊಡ್ತಿ. ಕಾಲೂ ತೊಳೀತಿಯೇನ ಹಂಗಾರ?"

"ಸಿಟ್ಟಾಗಬ್ಯಾಡ" ಎಂದು ಅವ್ವ ಮೆಲ್ಲಗೆ ಅಂದಳು. "ನೀ ಬಿಟ್ಟಿ, ಚಲೋ ಆತು. ಕಲತಾಕಿ ಅದಿ. ನಮ್ಮ ದೆಸಿಂದ ನಿನ್ನ ನೇಮ ಕೆಡಬಾರದು. ಸಂಕ್ರಾಂತಿಗೆ ಬಂದಾಗೂ ನಾ ನಿಮ್ಮ ಅಡಗಿಮನ್ಯಾಗ ಕಾಲ ಇಡಲಿಲ್ಲ ನೋಡು. ಮುಂಜಾನೆ ಮೀನ ಮುಟ್ಟಿದ್ನಿ."

ಸಿಟ್ಟಾಗಿರಲಿಲ್ಲ ಅವಳು. ಸಿಟ್ಟಾಗಿದ್ದರೆ ಜಗಳ ಆಡಬಹುದಿತ್ತು, ಅತ್ತು ಕರೆದು ಮೂಗು ಒರೆಸಿಕೊಂಡು ಮುಗಿಸಬಹುದಿತ್ತು. ಮರ್ಯಾದೆ ಕೊಡುವವರ ಜೊತೆ ಹೇಗೆ ಜಗಳ ಆಡುವುದು? ಸ್ಟಾಫ್‌ರೂಮಿನ ಬಾಯಿ ನಾನು ಶುದ್ಧ ಆದೆ ಅಂದಾಗ ಅವರ ಮುಖದ ಮೇಲೆಯೇ ಅಂದು ಬಂದಿದ್ದೆ. ಅದೇ ಮಾತನ್ನು ನಮ್ಮವ್ವನೂ ನಂಬಿದ್ದಳು, ಅದೂ ಸಂತೋಷದಿಂದ. ಮಗಳು ಮೇಲೇರಿದಳು, ತಾನು ಕೆಳಗೆ ಉಳಿದೆ, ಅಷ್ಟೇ ಲೆಕ್ಕ. ನನಗೆ ಅಲ್ಲೇ ಅಳು ಬಂತು.

"ಅವ್ವಾ, ಕಾಮಣಿ ಆಗಿ ನನ್ನ ಬಾಯಿರುಚಿ ಹೋತು. ಅದಕ್ಕ ಬಿಟ್ನಿ. ನೇಮಾನೂ ಇಲ್ಲ, ಮಣ್ಣೂ ಇಲ್ಲ."

"ಹೂನವಾ, ನೀ ಹಂಗs ಅಂತಿ. ನಮಗ ಕೆಟ್ಟ ಅನಸಬಾರದು ಅಂತ ಅಂತಿ."

ಇನ್ನು ಮಾತಿನಿಂದ ಆಗುವ ಕೆಲಸವಲ್ಲ ಎಂದು ಗೊತ್ತಾಯಿತು. ಅವಳನ್ನು ಬಾಜೂಕ ಸರಿಸಿ ಒಳಗೆ ನಡೆದೆ. ಒಲೆಯ ಮೇಲೆ ಹಿರಿಯರ ಕಾಲದ ದೊಡ್ಡ ಪಾತೇಲಿ, ಅದರೊಳಗೆ ಇಡೀ ಹೋತ ಕುದಿಯುತ್ತಿತ್ತು. ಪಕ್ಕದ ಬುಟ್ಟಿಯಲ್ಲಿ ಅವ್ವ ಬಡಿದಿಟ್ಟ ಅಕ್ಕಿರೊಟ್ಟಿ. ತಮ್ಮನ ಹೆಂಡತಿ ಸೌಟು ಹಿಡಿದು ಹಾಗೇ ನಿಂತುಬಿಟ್ಟಳು. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೇಲಿನ ರೊಟ್ಟಿ ಎತ್ತಿಕೊಂಡೆ. ಅದರ ಒಂದು ಅಂಚಿಗೆ ರಸ್ಸಾ ಸಿಡಿದಿತ್ತು. ಆ ಅಂಚು ಹರಿದು ಪಕ್ಕಕ್ಕಿಟ್ಟು ಉಳಿದದ್ದನ್ನು ಬಾಯಿಗೆ ಹಾಕಿಕೊಂಡೆ.

ಅವ್ವ ಮೊರ ಹಿಡಿದೇ ಬಾಗಿಲಲ್ಲಿ ನಿಂತಿದ್ದಳು.

"ಖಾರ ಹಾಕವ್ವಾ. ಒಣ ರೊಟ್ಟಿ ಗಂಟಲಾಗ ಇಳಿವಲ್ದು."

"ಕೈ ತೊಳಕೊಂಡ ಬರ್ತೀನಿ. ಈಗರ ಮಸಾಲಿ ಕಲಸೀನಿ, ಕೈಯೆಲ್ಲಾ ಅದs ಐತಿ."

"ತೊಳದು ಬರೂತನ ನಾ ಸಾಯಬೇಕೇನ? ಹಾಕು."

ಅವಳು ಮೊರ ಕೆಳಗಿಟ್ಟಳು. ಭರಣಿಯಿಂದ ಕೆಂಪುಖಾರ ತೆಗೆದು, ಹಿಂದೆ ಮುಂದೆ ನೋಡುತ್ತ, ನನ್ನ ರೊಟ್ಟಿಯ ಮೇಲೆ ಬೆರಳಿನಿಂದ ಹಚ್ಚಿದಳು. ಹಚ್ಚಿದವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ನನ್ನ ಬಾಯನ್ನೇ ನೋಡಿದಳು. ತುತ್ತು ನುಂಗಿದ್ದು ಖಾತ್ರಿ ಆದ ಮೇಲೆ ಕೇಳಿದಳು:

"ಖರೇನ ನನ್ನ ಕೈಯಂದು ಉಣ್ತಿ?"

"ಇನ್ನೊಂದ ರೊಟ್ಟಿ ಕೊಡು."

ಅವ್ವನ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಳ್ಳಲು ಹೋಗಿ ಖಾರದ ಬೆರಳು ಕಣ್ಣಿಗೆ ತಾಗಿ, ಅಯ್ಯಯ್ಯೋ ಎಂದು ಎದ್ದು ಹಂಡೆಯ ಕಡೆ ಓಡಿದಳು. ನೀರು ಹೊಡೆದುಕೊಂಡು ತಿರುಗಿ ಬಂದಾಗ ನನ್ನ ಹಳೆಯ ಅವ್ವ ಆಗಿ ಬಂದಳು.

"ಮೊದಲs ಹೇಳಾಕ ಬಾಯಾಗ ಏನ ಗುಗ್ಗರಿ ಇಟ್ಕೊಂಡಿದ್ದಿ? ಗಡಿಗಿ ತರಸಿದಿ, ಒಲಿ ಹೂಡಸಿದಿ, ಕಲ್ಲ ಹೊತ್ತು ನನ್ನ ನಡಾ ಬಿದ್ದೈತಿ. ಕುಂತ ತಿಂತಾಳ ನೋಡು ಹೆಂಗ! ಬದನಿಕಾಯಿ ಯಾರ ಹೆಚ್ಚಬೇಕು, ಮ್ಯಾಲಿಂದ ನಿಮ್ಮಪ್ಪ ಇಳದ ಬರ್ತಾನೇನು?"

ನಾನು ಬದನೆಕಾಯಿ ಹೆಚ್ಚಿದೆ. ದೇವರಿಗೆ ಎಡೆ ಆಯಿತು, ಪಂಕ್ತಿ ಕೂತಿತು. ಅಳಿಯನೆಂದು ಮಜ್ಜೆಯ ನಳಿ ಎಲುಬೆಲ್ಲ ನನ್ನ ಗಂಡನ ತಾಟಿಗೆ ಬಿತ್ತು. ಅವರು ಒಂದೊಂದನ್ನೂ ಸೀಟಿಯ ಹಾಗೆ ಊದಿ ಹೀರಿ ಕಣ್ಣು ಮುಚ್ಚಿಕೊಂಡರು. ನಾನು ಅವರ ಬಾಜೂಕ ನೆಲದ ಮೇಲೆಯೇ ಕೂತು ಅನ್ನ, ಎಣ್ಣೆಗಾಯಿ, ರೊಟ್ಟಿ ಉಂಡೆ. ತಮ್ಮ ಬಡಿಸುತ್ತ ಬಂದು, "ಇಕಿಗೆ ಹುಲ್ಲ ಹಾಕ್ರಿ" ಅಂದ. ಎಲ್ಲರೂ ನಕ್ಕರು, ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು.

ಊಟ ಮುಗಿದು ಗಂಡಸರೆಲ್ಲ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಒರಗಿದರು. ನಾನೂ ಗೋಡೆಗೆ ಆತು ಕಾಲು ಚಾಚುವುದರಲ್ಲಿದ್ದೆ.

"ಏ, ಉಂಡ ಕುಂತ್ಯೇನು? ಆ ಪಾತೇಲಿ ಯಾರ ತಿಕ್ಕಬೇಕು?" ಎಂದು ಅವ್ವ ಒದರಿದಳು.

ತಮ್ಮನ ಹೆಂಡತಿ ಧಡಪಡಿಸಿ ಎದ್ದಳು. "ನಾ ತಿಕ್ತೀನಿ ಬಿಡ್ರಿ ಅತ್ತಿ, ಅಕ್ಕಾರಿಗೆ ವಾಸನಿ ಬರ್ತೈತಿ."

"ಬರ್ಲಿ. ಆಕಿ ಏನ ಬೀಗರ ಮನಿಗೆ ಬಂದಾಳ? ತಿಕ್ಲಿ."

ಪಾತೇಲಿಯನ್ನು ಹಿತ್ತಲಿಗೆ ಉರುಳಿಸಿಕೊಂಡು ಹೋದೆ. ನನ್ನಂಥವಳು ಒಳಗೆ ಕೂತು ಜಳಕ ಮಾಡಬಹುದಾದಷ್ಟು ದೊಡ್ಡದು. ಗೋಡೆಗೆಲ್ಲ ಕೊಬ್ಬು ಹೆಪ್ಪುಗಟ್ಟಿ ಬೆಳ್ಳಗಾಗಿತ್ತು, ತಳಕ್ಕೆ ಮಸಾಲೆ ಹತ್ತಿ ಕರಿಯಾಗಿತ್ತು. ನಾರಿಗೆ ಬೂದಿ ಹಚ್ಚಿ, ತಲೆ ಒಳಗೆ ಹಾಕಿ ತಿಕ್ಕತೊಡಗಿದೆ. ವಾಸನೆಗೆ ಎರಡು ಸಲ ಓಕರಿಕೆ ಬಂತು. ಹೊರಗೆ ತಲೆ ತೆಗೆದು ಗಾಳಿ ಕುಡಿದು ಮತ್ತೆ ಒಳಗೆ ಹಾಕಿದೆ. ಆ ದಿನ ಆ ಮನೆಯಲ್ಲಿ ನನ್ನಷ್ಟು ಖುಷಿಯಾಗಿ ಇದ್ದವರು ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅವ್ವ ಬಂದಳು. ಬಗ್ಗಿ ಪಾತೇಲಿಯೊಳಗೆ ಕೈ ಹಾಕಿ, ತಳಕ್ಕೆ ಬೆರಳು ಎಳೆದು, ಬೆರಳು ನನ್ನ ಮೂಗಿಗೆ ಹಿಡಿದಳು.

"ಜಿಡ್ಡ ಹಂಗs ಐತಿ. ಬೆಳಗಾವ್ಯಾಗ ಹಿಂಗs ತಿಕ್ತಿಯೇನು ಭಾಂಡೆ? ನಿನ್ನ ಕಟ್ಕೊಂಡಾವ ಪುಣ್ಯವಂತ ಬಿಡು."

ಬೈದು ಒಳಗೆ ಹೋದಳು. ಅಯ್ಯನವರಿಗೆ ಅವಳು ಎಂದೂ ಹೀಗೆ ಬೈದವಳಲ್ಲ. ನಾನು ಇನ್ನೊಂದು ಹಿಡಿ ಬೂದಿ ತೆಗೆದುಕೊಂಡೆ.